ಆಪರೇಷನ್ ನಂತರ ಮೆದುಳು: ಅರಿವಳಿಕೆಯ ಮೇಲಿನ ಆರೋಪ ಮತ್ತು ಉಳಿದ ಆರೋಪಿಗಳು

"ಜನರಲ್ ಬೇಡ ಡಾಕ್ಟ್ರೇ, ಬೆನ್ನಿಗೇ ಇಂಜೆಕ್ಷನ್ ಕೊಟ್ಬಿಡಿ. ಅಪ್ಪನಿಗೆ ಮೊದಲೇ ಮರೆವು ಜಾಸ್ತಿ." ಮಂಡಿ ಕೀಲು ಬದಲಿಸುವುದಕ್ಕೋ ಹರ್ನಿಯಾಕ್ಕೋ ಹಿರಿಯರನ್ನು ಕರೆತಂದ ಮಕ್ಕಳು ಬೆಂಗಳೂರಿನ ಆಸ್ಪತ್ರೆಗಳಲ್ಲಿ, ಅರಿವಳಿಕೆಗೆ ಮುಂಚಿನ ಫಿಟ್‌ನೆಸ್ ತಪಾಸಣೆಯ ಹೊತ್ತಿಗೆ ಹೇಳುವ ಮಾತಿದು.

ಈ ಭಯಕ್ಕೆ ಸುದ್ದಿಗಳೂ ಕಾರಣ. 2016ರ ಡಿಸೆಂಬರಿನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಮೂರು ವರ್ಷದೊಳಗಿನ ಮಕ್ಕಳಿಗೆ ದೀರ್ಘಕಾಲ ಅಥವಾ ಪದೇಪದೇ ಅರಿವಳಿಕೆ ಕೊಡುವ ಬಗ್ಗೆ ಎಚ್ಚರಿಕೆ ಹೊರಡಿಸಿತು. 2019ರಲ್ಲಿ, ಮೆದುಳಿನ ಅಲೆಗಳನ್ನು ನೋಡಿಕೊಂಡು ಅರಿವಳಿಕೆ ಕೊಟ್ಟರೂ ವಯಸ್ಸಾದವರ ಗೊಂದಲ ತಪ್ಪುವುದಿಲ್ಲ ಎಂಬ ಅಧ್ಯಯನ ಬಂತು. 2021ರಲ್ಲಿ, ಹಗುರವಾಗಿ ಕೊಟ್ಟರೆ ಗೊಂದಲ ಕಡಿಮೆಯಾಗುತ್ತದೆ ಎಂದು ಇನ್ನೊಂದು ಹೇಳಿತು. ಅದೇ ವರ್ಷ ಬಂದ ಮೂರನೆಯದು ಬೆನ್ನಿಗೆ ಕೊಡುವ ಸ್ಪೈನಲ್ಲಾದರೂ ಅಷ್ಟೇ, ಪೂರ್ತಿ ಎಚ್ಚರ ತಪ್ಪಿಸುವ ಜನರಲ್ಲಾದರೂ ಅಷ್ಟೇ ಎಂದಿತು. ಬರೀ ತಲೆಬರಹ ಓದಿದವರಿಗೆ ತಲೆ ಕೆಡದಿದ್ದರೆ ಆಶ್ಚರ್ಯ.

ಒಟ್ಟಿಗಿಟ್ಟು ಓದಿದರೆ ಇವುಗಳ ನಡುವಿನ ಜಗಳ ಅಷ್ಟು ದೊಡ್ಡದಲ್ಲ. ವಯಸ್ಸಾದವರಲ್ಲಿ ಆಪರೇಷನ್ ನಂತರ ಕಾಣುವ ಗೊಂದಲದಲ್ಲಿ, ಮರೆವಿನಲ್ಲಿ ಅರಿವಳಿಕೆ ಔಷಧಿಯ ಪಾಲು ಜನ ಅಂದುಕೊಂಡಷ್ಟಿಲ್ಲ. ದೊಡ್ಡ ಪಾಲು ಗಾಯದ್ದು, ಕಾಯಿಲೆಯದ್ದು, ಜೊತೆಗೆ ಹೋದ ಬೇರೆ ಮಾತ್ರೆಗಳದ್ದು, ಆಪರೇಷನ್‌ಗೆ ಮೊದಲೇ ಸೊರಗಿದ್ದ ಮೆದುಳಿನದ್ದು. ಹಾಗಾಗಿ "ಸ್ಪೈನಲ್ಲೋ ಜನರಲ್ಲೋ" ಎಂಬುದು ಕೇಳಬೇಕಾದ ಪ್ರಶ್ನೆಗಳಲ್ಲಿ ತೀರಾ ಕೆಳಗಿನದು.

## ಒಂದು ದೂರು, ಮೂರು ತೊಂದರೆ

"ಆಪರೇಷನ್ ಆದಾಗಿನಿಂದ ಅಮ್ಮ ಮೊದಲಿನಂತಿಲ್ಲ" ಎಂಬ ದೂರಿನ ಒಳಗೆ ಬೇರೆ ಬೇರೆ ಮೂರು ಸಂಗತಿಗಳಿರಬಹುದು.

ಮೊದಲನೆಯದು ಡೆಲಿರಿಯಂ, ಹಿರಿಯರು ಸನ್ನಿ ಎನ್ನುತ್ತಿದ್ದುದು. ಹೆಚ್ಚಾಗಿ ಆಪರೇಷನ್ ಆದ ಮೊದಲ ಮೂರು ದಿನಗಳಲ್ಲಿ ಇದ್ದಕ್ಕಿದ್ದಂತೆ ಶುರುವಾಗುತ್ತದೆ, ಗಂಟೆಗಂಟೆಗೂ ಏರಿಳಿಯುತ್ತದೆ. ಬೆಳಗ್ಗೆ ಚೆನ್ನಾಗಿ ಮಾತಾಡಿದವರು ಸಂಜೆ ಡ್ರಿಪ್ ಕಿತ್ತುಹಾಕುತ್ತಾರೆ, ಗೋಡೆಯ ಮೇಲೆ ಹುಳ ಹರಿಯುತ್ತಿದೆ ಎನ್ನುತ್ತಾರೆ, ಮಗಳನ್ನು ತಂಗಿಯ ಹೆಸರಿನಿಂದ ಕರೆಯುತ್ತಾರೆ. ಆದರೆ ಗಲಾಟೆಯೇ ಇಲ್ಲದ ಇನ್ನೊಂದು ಬಗೆಯಿದೆ, ವಯಸ್ಸಾದವರಲ್ಲಿ ಅದೇ ಸಾಮಾನ್ಯ. ಕರೆದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಾರೆ, ಕೇಳಿದ್ದಕ್ಕೆ ತಡವಾಗಿ ಒಂದು ಪದ ಹೇಳುತ್ತಾರೆ, ಊಟ ಬಾಯಲ್ಲೇ ಉಳಿಯುತ್ತದೆ. "ಸುಸ್ತಾಗಿ ಮಲಗಿದ್ದಾರೆ ಪಾಪ" ಎಂದು ಮನೆಯವರೂ ಬಿಡುತ್ತಾರೆ, ವಾರ್ಡಿನವರೂ ಬಿಡುತ್ತಾರೆ.

ಎರಡನೆಯದು ಮನೆಗೆ ಬಂದ ಮೇಲೆ ಗೊತ್ತಾಗುವಂಥದ್ದು. ಚಿಲ್ಲರೆ ಲೆಕ್ಕ ತಪ್ಪುತ್ತದೆ, ಪೇಪರ್ ಓದುವಾಗ ಮನಸ್ಸು ನಿಲ್ಲುವುದಿಲ್ಲ, ಮಾತಿನ ಮಧ್ಯೆ ಹೆಸರು ಸಿಗುವುದಿಲ್ಲ. 30 ದಿನದೊಳಗೆ ಇದ್ದರೆ ಇದನ್ನು ಚೇತರಿಕೆ ತಡವಾಗಿದೆ ಎಂದಷ್ಟೇ ಪರಿಗಣಿಸುತ್ತಾರೆ. 30 ದಿನ ದಾಟಿ ಒಂದು ವರ್ಷದವರೆಗೂ ಉಳಿದರೆ ಅದು ಮೂರನೆಯ ಗುಂಪು. ಈ ವಿಂಗಡಣೆಯನ್ನು ತಜ್ಞರು ಒಪ್ಪಿಕೊಂಡದ್ದೇ 2018ರಲ್ಲಿ. ಅದಕ್ಕೂ ಹಿಂದಿನ ವರದಿಗಳಲ್ಲಿ ಎರಡನೆಯದೂ ಮೂರನೆಯದೂ ಪಿಓಸಿಡಿ (ಆಪರೇಷನ್ ನಂತರದ ಅರಿವಿನ ಕುಂದು) ಎಂಬ ಒಂದೇ ಹೆಸರಿನಡಿ ಇರುತ್ತಿದ್ದವು. ಗೊಂದಲದ ಅರ್ಧ ಬೇರು ಅಲ್ಲಿದೆ.

ಮೂರಕ್ಕೂ ಮಾಡಬೇಕಾದದ್ದು ಬೇರೆ. ಡೆಲಿರಿಯಂ ಅಂದರೆ ಆ ಹೊತ್ತಿಗೇ ಕಾರಣ ಹುಡುಕಬೇಕಾದ ತುರ್ತು. ಎರಡನೆಯದು ಬಹುತೇಕರಲ್ಲಿ ತಾನಾಗಿ ಕಳೆಯುತ್ತದೆ. ಮೂರನೆಯದು ಉಳಿದರೆ, ಡಿಮೆನ್ಷಿಯಾ ಮೊದಲೇ ಇತ್ತೇ ಎಂದು ನೋಡಬೇಕಾಗುತ್ತದೆ.

## ಔಷಧಿ ಒಳಗೆ ಮಾಡುವುದೇನು

ಪ್ರೊಪೊಫಾಲ್, ಸೆವೊಫ್ಲುರೇನ್‌ನಂಥ ಔಷಧಿಗಳು ಮೆದುಳಿನಲ್ಲಿ ರಾಸಾಯನಿಕ ಸಂದೇಶ ಸ್ವೀಕರಿಸುವ ಗಾಬಾ ರಿಸೆಪ್ಟರ್‌ಗಳನ್ನು ಹಿಡಿದು ನರಕೋಶಗಳ ಚಟುವಟಿಕೆಯನ್ನು ತಗ್ಗಿಸುತ್ತವೆ. ಕೆಟಮಿನ್ ಎನ್‌ಎಂಡಿಎ ಎಂಬ ಬೇರೆ ರಿಸೆಪ್ಟರ್‌ ಮೂಲಕ ಕೆಲಸ ಮಾಡುತ್ತದೆ. ಪ್ರೊಪೊಫಾಲ್ ಕೊಟ್ಟಾಗ ಮೆದುಳಿನ ಹೊರಪದರ ಮತ್ತು ಅದರ ಒಳಭಾಗದ ಥಲಾಮಸ್ ನಡುವಿನ ಸಂವಹನ ಒಂದೇ ಲಯಕ್ಕೆ ಸಿಕ್ಕಿಬೀಳುತ್ತದೆ. ಮೆದುಳಿನ ಅಲೆಗಳ ದಾಖಲೆಯಾದ ಇಇಜಿಯಲ್ಲಿ ಅದು ನಿಧಾನದ ದೊಡ್ಡ ಅಲೆಗಳಾಗಿ, ಅವುಗಳ ಮೇಲೆ ಸೆಕೆಂಡಿಗೆ 8ರಿಂದ 12 ಬಾರಿ ಬರುವ ಆಲ್ಫಾ ಅಲೆಗಳಾಗಿ ಕಾಣುತ್ತದೆ. ರೋಗಿಗೆ ಧೈರ್ಯ ಹೇಳಲು "ನಿದ್ದೆ ಮಾಡಿಸ್ತೀವಿ" ಎನ್ನುತ್ತಾರೆ, ಆದರೆ ನಿದ್ದೆಯಲ್ಲಿರುವವನಿಗೆ ಸೂಜಿ ಚುಚ್ಚಿದರೆ ಏಳುತ್ತಾನೆ, ಇಲ್ಲಿ ಹೊಟ್ಟೆ ಕೊಯ್ದರೂ ಏಳುವುದಿಲ್ಲ. ಇದು ಬೇಕಾದಾಗ ಹಿಂದಿರುಗಿಸಬಹುದಾದ ಕೋಮಾಕ್ಕೆ ಹೆಚ್ಚು ಹತ್ತಿರ.

ಈಗ ವೇಳೆಯನ್ನು ಗಮನಿಸಿ. ಪ್ರೊಪೊಫಾಲ್‌ನ ಒಂದು ಡೋಸಿನ ಪರಿಣಾಮ ಐದು-ಹತ್ತು ನಿಮಿಷದಲ್ಲಿ ಇಳಿಯುತ್ತದೆ. ಸೆವೊಫ್ಲುರೇನ್ ಉಸಿರಿನ ಮೂಲಕವೇ ಹೊರಹೋಗುತ್ತದೆ, ಬಹುಪಾಲು ಕೆಲವೇ ಗಂಟೆಗಳಲ್ಲಿ. ಮೂರನೇ ರಾತ್ರಿ ಶುರುವಾದ ಸನ್ನಿಗೆ, ಎರಡು ದಿನ ಮೊದಲೇ ದೇಹ ಬಿಟ್ಟುಹೋದ ಔಷಧಿಯನ್ನು ನೇರವಾಗಿ ದೂರುವುದು ಕಷ್ಟ.

ಹಾಗಾದರೆ ಅಲ್ಜೈಮರ್ಸ್ ಭಯ ಎಲ್ಲಿಂದ ಬಂತು? ಐಸೊಫ್ಲುರೇನ್‌ನಂಥ ಅನಿಲಗಳು, ಅಲ್ಜೈಮರ್ಸ್ ಬಂದವರ ಮೆದುಳಿನಲ್ಲಿ ಶೇಖರವಾಗುವ ಅಮೈಲಾಯ್ಡ್ ಪ್ರೊಟೀನು ಗಂಟುಗಟ್ಟುವುದನ್ನು ಹೆಚ್ಚಿಸುತ್ತವೆ ಎಂದು ಪ್ರಯೋಗಾಲಯದ ಕೋಶಗಳಲ್ಲಿ, ಇಲಿಗಳಲ್ಲಿ ಕಂಡುಬಂದಿತ್ತು. ಆದರೆ ಅರಿವಳಿಕೆ ಪಡೆದವರಿಗೆ ಅದರಿಂದಲೇ ಅಲ್ಜೈಮರ್ಸ್ ಬರುತ್ತದೆ ಎಂಬುದು ಮನುಷ್ಯರಲ್ಲಿ ರುಜುವಾತಾಗಿಲ್ಲ.

## ಬೆನ್ನಿಗೆ ಕೊಟ್ಟರೆ ಕ್ಷೇಮವೇ?

ಸ್ಪೈನಲ್‌ನಲ್ಲಿ ಸೊಂಟದ ಭಾಗದ ಬೆನ್ನುಮೂಳೆಗಳ ಸಂದಿನಿಂದ ಎರಡು-ಮೂರು ಮಿಲಿಲೀಟರ್ ಬುಪಿವಕೇನ್ ಬಿಡುತ್ತಾರೆ. ಅದು ಕಾಲು, ಸೊಂಟದ ನರಗಳನ್ನು ಮರಗಟ್ಟಿಸುತ್ತದೆ. ಮೆದುಳನ್ನು ಮುಟ್ಟುವುದಿಲ್ಲ. ಅಂದಮೇಲೆ ಗೊಂದಲಕ್ಕೆ ಜನರಲ್ ಅರಿವಳಿಕೆಯೇ ಕಾರಣವಾಗಿದ್ದರೆ ಸ್ಪೈನಲ್ ಪಡೆದವರಲ್ಲಿ ಗೊಂದಲ ಎದ್ದುಕಾಣುವಷ್ಟು ಕಡಿಮೆ ಇರಬೇಕಿತ್ತು.

2021ರಲ್ಲಿ ಪ್ರಕಟವಾದ ರೀಗೇನ್ ಅಧ್ಯಯನದಲ್ಲಿ ಸೊಂಟ ಮುರಿದ, 50 ದಾಟಿದ 1,600 ಜನರಿಗೆ ಚೀಟಿ ಎತ್ತಿದ ಹಾಗೆ ಸ್ಪೈನಲ್ ಅಥವಾ ಜನರಲ್ ಕೊಡಲಾಯಿತು. ಡೆಲಿರಿಯಂ ಸ್ಪೈನಲ್‌ನವರಲ್ಲಿ ಶೇ. 20.5, ಜನರಲ್‌ನವರಲ್ಲಿ ಶೇ. 19.7. ಸ್ಪೈನಲ್ ಜೊತೆ ಮಂಪರಿನ ಇಂಜೆಕ್ಷನ್ನೂ ಹೋಗಿರುತ್ತದೆ, ಆದ್ದರಿಂದ ವ್ಯತ್ಯಾಸ ಅಳಿಸಿಹೋಗಿದೆ ಎಂಬ ಆಕ್ಷೇಪಣೆ ಎದ್ದಿತು. ಅದು ನ್ಯಾಯವಾದ ಆಕ್ಷೇಪಣೆಯೇ. ಆದರೆ 2022ರಲ್ಲಿ ಚೀನಾದಿಂದ ಬಂದ ರಾಗಾ ಅಧ್ಯಯನದಲ್ಲಿ 65 ದಾಟಿದ 950 ಜನರಿದ್ದರು, ಬೆನ್ನಿಗೆ ಕೊಟ್ಟವರಿಗೆ ಮಂಪರು ಕೊಟ್ಟಿರಲಿಲ್ಲ. ಅಲ್ಲಿಯೂ ಶೇ. 6.2 ಮತ್ತು ಶೇ. 5.1, ಅಂದರೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಸ್ಪೈನಲ್ ಆರಿಸಲು ಒಳ್ಳೆಯ ಕಾರಣಗಳು ಬೇರೆ ಇವೆ. ಬೀಡಿ ಸೇದಿ ಶ್ವಾಸಕೋಶ ಕೆಟ್ಟಿರುವುದು, ಗಂಟಲಿಗೆ ಟ್ಯೂಬ್ ಹಾಕುವುದು ಕಷ್ಟವಾಗುವುದು ಅಂಥವು. ಬೇಡ ಎನ್ನಲೂ ಕಾರಣಗಳಿವೆ: ರಕ್ತ ತೆಳುವಾಗಿಸುವ ಔಷಧಿ, ಹೃದಯದ ಅಯೋರ್ಟಿಕ್ ಕವಾಟ ತೀರಾ ಕಿರಿದಾಗಿರುವುದು. ಮರೆವಿನ ಭಯಕ್ಕೆ ಹಟ ಹಿಡಿದು ಸ್ಪೈನಲ್ ಹಾಕಿಸಿಕೊಂಡರೆ ಈ ಕಾರಣಗಳೆಲ್ಲ ಬದಿಗೆ ಸರಿಯುತ್ತವೆ.

## ಪೆಟ್ಟು ಬರುವ ದಾರಿಗಳು

ಮೂಳೆ ಗರಗಸದಲ್ಲಿ ಕೊಯ್ದಾಗ, ಸ್ನಾಯು ಹರಿದಾಗ, ಒಡೆದ ಕೋಶಗಳಿಂದ ಎಚ್‌ಎಂಜಿಬಿ-1ನಂಥ ಪ್ರೊಟೀನುಗಳು ರಕ್ತಕ್ಕೆ ಸೇರುತ್ತವೆ. ದೇಹದ ರಕ್ಷಣಾ ವ್ಯವಸ್ಥೆಗೆ ಇದು ಅಪಾಯದ ಕರೆಗಂಟೆ. ಇಂಟರ್‌ಲ್ಯೂಕಿನ್-6, ಟಿಎನ್‌ಎಫ್‌ನಂಥ ಉರಿಯೂತದ ಸಂದೇಶವಾಹಕಗಳು ಏರುತ್ತವೆ. ಉರಿಯೂತದ ಅಳತೆಯಾದ ಸಿಆರ್‌ಪಿ ಎರಡು-ಮೂರನೇ ದಿನಕ್ಕೆ ಶಿಖರ ಮುಟ್ಟುತ್ತದೆ. ಡೆಲಿರಿಯಂ ಹೆಚ್ಚಾಗಿ ಕಾಣುವ ದಿನಗಳೂ ಅವೇ. ರಕ್ತ ಮತ್ತು ಮೆದುಳಿನ ನಡುವಿನ ತಡೆ ಈ ಉರಿಯೂತದಿಂದ ಸಡಿಲವಾಗುತ್ತದೆ, ಒಳಗಿನ ಮೈಕ್ರೊಗ್ಲಿಯಾ ಎಂಬ ರಕ್ಷಣಾ ಕೋಶಗಳು ಕೆರಳುತ್ತವೆ, ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್‌ನ ಕೆಲಸ ಕೆಡುತ್ತದೆ. ಈ ಸರಪಳಿಯ ಬಹುಪಾಲು ಪುರಾವೆ ಇಲಿಗಳದ್ದು ಎಂಬುದನ್ನು ಮರೆಯಬಾರದು. ಆದರೂ ವೇಳೆ ಹೊಂದುತ್ತದೆ, ಅರಿವಳಿಕೆಯ ವಾದದಲ್ಲಿ ಅದು ಹೊಂದುವುದಿಲ್ಲ.

ಎರಡನೆಯ ದಾರಿ ರಕ್ತನಾಳಗಳದ್ದು. 2019ರ ನ್ಯೂರೋವಿಷನ್ ಅಧ್ಯಯನದಲ್ಲಿ ಹೃದಯದ್ದಲ್ಲದ ಆಪರೇಷನ್ ಮಾಡಿಸಿಕೊಂಡ, 65 ದಾಟಿದ 1,114 ಜನರ ಮೆದುಳನ್ನು ಎಂಆರ್‌ಐ ಮಾಡಿ ನೋಡಿದರು. ಕೈಕಾಲು ಬಿದ್ದಿಲ್ಲ, ಬಾಯಿ ಸೊಟ್ಟಗಾಗಿಲ್ಲ, ಆದರೂ ಶೇ. 7ರಷ್ಟು ಜನರಲ್ಲಿ ಹೊಸ ಚಿಕ್ಕ ಸ್ಟ್ರೋಕ್ ಆಗಿತ್ತು. ವರ್ಷದ ನಂತರ ಅವರಲ್ಲಿ ಶೇ. 42ರಷ್ಟು ಮಂದಿಯ ಅರಿವಿನ ಶಕ್ತಿ ಕುಗ್ಗಿತ್ತು. ಸ್ಟ್ರೋಕ್ ಆಗದವರಲ್ಲಿ ಶೇ. 29.

ಮೂರನೆಯದು ಮನೆಯಲ್ಲೂ ವಾರ್ಡಿನಲ್ಲೂ ಯಾರ ಕಣ್ಣಿಗೂ ಬೀಳದ ಮಾತ್ರೆಗಳು. ಗಮನ ಮತ್ತು ನೆನಪಿಗೆ ಮೆದುಳು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ನೆಚ್ಚಿದೆ. ವಯಸ್ಸಾದಂತೆ ಅದರ ವ್ಯವಸ್ಥೆ ದುರ್ಬಲವಾಗುತ್ತದೆ. ಅದನ್ನೇ ತಡೆಯುವ ಔಷಧಿಗಳು ಅಲರ್ಜಿಗೆ ಕೊಡುವ ಅವಿಲ್, ವಾಂತಿಗೂ ನಿದ್ದೆಗೂ ಕೊಡುವ ಫೆನರ್ಗನ್, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಪದೇಪದೇ ಮೂತ್ರಕ್ಕೆ ಹೋಗುವವರಿಗೆ ಕೊಡುವ ಆಕ್ಸಿಬ್ಯೂಟಿನಿನ್. ರಕ್ತ ಏರಿಸುವ ಮುಂಚೆ ಬರೀ ರೂಢಿಗೆ ಒಂದು ಅವಿಲ್ ಇಂಜೆಕ್ಷನ್ ಹೋಗುವುದುಂಟು. 80ರ ಅಜ್ಜಿಗೆ ಆ ರಾತ್ರಿಯ ಸನ್ನಿಗೆ ಅದೇ ಸಾಕಾಗಬಹುದು. ಮಂಪರಿಗೂ ನಿದ್ದೆಗೂ ಕೊಡುವ ಮಿಡಜೋಲಂ, ಆಲ್‌ಪ್ರಜೋಲಂನಂಥ ಬೆಂಜೊಡಯಜೆಪೈನ್‌ಗಳದ್ದೂ ಇದೇ ಕಥೆ. ಇಷ್ಟು ಸಣ್ಣ ಮಾತ್ರೆಗಳ ಬಗ್ಗೆ ಯಾರೂ ಸುದ್ದಿ ಬರೆಯುವುದಿಲ್ಲ!

ಉಳಿದವು ಗೊತ್ತಿರುವಂಥವೇ: ಸೋಡಿಯಂ ಇಳಿಯುವುದು, ಮೂತ್ರದ ಸೋಂಕು, ಮಲಬದ್ಧತೆ, ಹಿಡಿತಕ್ಕೆ ಬಾರದ ನೋವು, ಆಮ್ಲಜನಕ ಕಡಿಮೆಯಾಗುವುದು, ಲೈಟು ಆರದ ಐಸಿಯುವಿನಲ್ಲಿ ನಿದ್ದೆಗೆಡುವುದು.

ಇಷ್ಟೆಲ್ಲ ದಾರಿಗಳಿದ್ದೂ 35ರ ಯುವಕನಿಗೆ ಅಪೆಂಡಿಕ್ಸ್ ತೆಗೆದರೆ ಏನೂ ಆಗುವುದಿಲ್ಲ ಏಕೆ? ತುಂಬಿದ ಸಂಪಿನಿಂದ ನಾಲ್ಕು ಬಕೆಟ್ ಹೋದರೆ ಗೊತ್ತಾಗುವುದಿಲ್ಲ, ತಳ ಕಾಣುತ್ತಿರುವಾಗ ಅದೇ ನಾಲ್ಕು ಬಕೆಟ್ಟಿಗೆ ಮೋಟಾರು ಗಾಳಿ ಎಳೆಯುತ್ತದೆ. ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜು ಹೇಳುತ್ತದೆ. ಅವರಲ್ಲಿ ಬಹಳಷ್ಟು ಜನರಿಗೆ ಅದು ಗೊತ್ತೇ ಇರುವುದಿಲ್ಲ. ಅರವತ್ತಕ್ಕೆ ಅರಳು ಮರಳು ಎಂದು ಮನೆಯಲ್ಲಿ ತಳ್ಳಿಹಾಕಿದ್ದು ಆಪರೇಷನ್ ನಂತರ ಎದ್ದು ಕಾಣುತ್ತದೆ, ಆಗ ತಪ್ಪೆಲ್ಲ ಇಂಜೆಕ್ಷನ್ ಮೇಲೆ ಹೋಗುತ್ತದೆ.

## ಹಳೆಯ ಅಂಕಿಗಳ ಹೊಣೆ

ಈ ವಿಷಯದಲ್ಲಿ ಹೆಚ್ಚು ಉಲ್ಲೇಖವಾಗುವ ಅಧ್ಯಯನಗಳು ಎರಡು. 1998ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದದ್ದು, 60 ದಾಟಿದ 1,218 ಜನರದ್ದು. ಆಪರೇಷನ್ ಆಗಿ ಒಂದು ವಾರಕ್ಕೆ ಶೇ. 25.8, ಮೂರು ತಿಂಗಳಿಗೆ ಶೇ. 9.9 ಮಂದಿಯಲ್ಲಿ ಅರಿವಿನ ಕುಸಿತ. ಆಪರೇಷನ್ ಆಗದ ಹೋಲಿಕೆಯ ಗುಂಪಿನಲ್ಲಿ ಅದು ಶೇ. 3.4 ಮತ್ತು ಶೇ. 2.8. ತೊಂದರೆ ನಿಜ, ಬಹುಪಾಲು ಮೂರು ತಿಂಗಳಲ್ಲಿ ಕರಗುತ್ತದೆ ಎಂಬುದೂ ನಿಜ.

ಎರಡನೆಯದು 2001ರದ್ದು, ಬೈಪಾಸ್ ಮಾಡಿಸಿಕೊಂಡವರದ್ದು. ಡಿಸ್ಚಾರ್ಜ್ ವೇಳೆಗೆ ಶೇ. 53, ಆರು ತಿಂಗಳಿಗೆ ಶೇ. 24, ಐದು ವರ್ಷಕ್ಕೆ ಮತ್ತೆ ಶೇ. 42 ಮಂದಿಯಲ್ಲಿ ಕುಸಿತ. "ಹಾರ್ಟ್-ಲಂಗ್ ಮೆಷಿನ್ ಮೇಲೆ ಹಾಕಿದರೆ ಬುದ್ಧಿ ಮಂಕಾಗುತ್ತದೆ" ಎಂಬ ಮಾತು ಊರೆಲ್ಲ ಹಬ್ಬಿದ್ದರ ಹಿಂದೆ ಇಂಥ ಅಂಕಿಗಳಿವೆ. ಆದರೆ ಅದರಲ್ಲಿ ಹೋಲಿಕೆಯ ಗುಂಪೇ ಇರಲಿಲ್ಲ. ಹೃದ್ರೋಗವಿದ್ದೂ ಬೈಪಾಸ್ ಆಗದವರನ್ನು ಪಕ್ಕದಲ್ಲಿಟ್ಟು ಆಮೇಲೆ ನೋಡಿದಾಗ ಅವರಲ್ಲೂ ಹೆಚ್ಚುಕಡಿಮೆ ಅಷ್ಟೇ ಕುಸಿತವಿತ್ತು. ಮೆಷಿನ್ ಇಲ್ಲದೆ, ಬಡಿಯುತ್ತಿರುವ ಹೃದಯದ ಮೇಲೆಯೇ ಬೈಪಾಸ್ ಮಾಡಿಸಿಕೊಂಡವರಿಗೂ ಐದು ವರ್ಷದ ಲೆಕ್ಕದಲ್ಲಿ ಲಾಭ ಕಾಣಲಿಲ್ಲ. ಹೃದಯದ ರಕ್ತನಾಳ ಕಟ್ಟಿಕೊಂಡವರ ಮೆದುಳಿನ ರಕ್ತನಾಳವೂ ಚೆನ್ನಾಗಿರುವುದಿಲ್ಲ, ಐದು ವರ್ಷದ ಕುಸಿತಕ್ಕೆ ಅದು ಸಾಕಷ್ಟು ದೊಡ್ಡ ಕಾರಣ.

ಬ್ರಿಟನ್ನಿನಲ್ಲಿ 7,532 ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ 2019ರ ವಿಶ್ಲೇಷಣೆ ಇನ್ನೂ ಸ್ಪಷ್ಟ. ದೊಡ್ಡ ಆಪರೇಷನ್‌ಗಾಗಿ ಆಸ್ಪತ್ರೆ ಸೇರಿದ್ದರಿಂದ ಮೆದುಳಿಗೆ ಸರಾಸರಿ ಐದು ತಿಂಗಳಿಗಿಂತ ಕಡಿಮೆ ವಯಸ್ಸು ಹೆಚ್ಚಾದ ಲೆಕ್ಕ. ಆಪರೇಷನ್ ಇಲ್ಲದೆ ಕಾಯಿಲೆಗಾಗಿ ಸೇರಿದ್ದರಿಂದ 1.4 ವರ್ಷ, ಸ್ಟ್ರೋಕ್‌ನಿಂದ 13 ವರ್ಷ. ನ್ಯುಮೋನಿಯಾಕ್ಕೆ ಅಡ್ಮಿಟ್ ಆಗುವಾಗ ಯಾರೂ ಮೆದುಳಿನ ಬಗ್ಗೆ ಕೇಳುವುದಿಲ್ಲ.

## ಎಷ್ಟು ಆಳ?

ತಜ್ಞರ ನಡುವೆ ನಿಜವಾದ ಭಿನ್ನಾಭಿಪ್ರಾಯ ಇರುವುದು ಇಲ್ಲಿ. 40 ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಬೇಕಾಗುವ ಅನಿಲದ ಪ್ರಮಾಣ ಸುಮಾರು ಶೇ. 6ರಷ್ಟು ಇಳಿಯುತ್ತದೆ. 80ರವರಿಗೆ 40ರವರಷ್ಟೇ ಕೊಟ್ಟರೆ ಅದು ಅಳತೆ ಮೀರಿದ ಡೋಸ್. ಆಗ ಇಇಜಿಯಲ್ಲಿ ಅಲೆಗಳು ಕೆಲ ಸೆಕೆಂಡು ಸಪಾಟಾಗಿ, ಮತ್ತೆ ಸಿಡಿದು, ಮತ್ತೆ ಸಪಾಟಾಗುವ ಮಾದರಿ ಕಾಣುತ್ತದೆ. ಇದು ಹೆಚ್ಚು ಹೊತ್ತು ಕಂಡವರಲ್ಲಿ ಡೆಲಿರಿಯಂ ಹೆಚ್ಚು.

ಹಣೆಗೆ ಪಟ್ಟಿ ಅಂಟಿಸಿ ನೋಡುವ ಬಿಐಎಸ್ ಮಾನಿಟರ್ ಈ ಅಲೆಗಳನ್ನು 0ಯಿಂದ 100ರವರೆಗಿನ ಒಂದು ಸಂಖ್ಯೆಯಾಗಿ ತೋರಿಸುತ್ತದೆ. ಜನರಲ್ ಅರಿವಳಿಕೆಗೆ 40ರಿಂದ 60 ಸಾಮಾನ್ಯ ಗುರಿ. ಮೊದಲು ಹೇಳಿದ 2019ರ ಎಂಗೇಜಸ್ ಅಧ್ಯಯನದಲ್ಲಿ 1,232 ಜನರಿದ್ದರು. ಅಲೆ ನೋಡಿ ಕೊಟ್ಟವರಲ್ಲಿ ಡೆಲಿರಿಯಂ ಶೇ. 26, ನೋಡದೆ ಕೊಟ್ಟವರಲ್ಲಿ ಶೇ. 23. 2021ರ ಬ್ಯಾಲೆನ್ಸ್ಡ್ ಉಪ-ಅಧ್ಯಯನದಲ್ಲಿ 515 ಜನ. ಸಂಖ್ಯೆಯನ್ನು 50ರ ಸುತ್ತ ಇಟ್ಟವರಲ್ಲಿ ಶೇ. 19, 35ರ ಸುತ್ತ ಇಟ್ಟವರಲ್ಲಿ ಶೇ. 28. 2024ರಲ್ಲಿ ಕೆನಡಾದಿಂದ ಬಂದ, ಹೃದಯದ ಆಪರೇಷನ್ ಆದವರ ಅಧ್ಯಯನದಲ್ಲಿ ಅಲೆ ನೋಡಿ ಕೊಟ್ಟ, ನೋಡದೆ ಕೊಟ್ಟ ಎರಡೂ ಗುಂಪಿನಲ್ಲಿ ಶೇ. 18ರ ಆಸುಪಾಸು.

ಒಪ್ಪಬಹುದಾದ ವಿವರಣೆ ಹೀಗಿದೆ. ಎಂಗೇಜಸ್‌ನಲ್ಲಿ ಎರಡು ಗುಂಪಿಗೂ ಕೊಟ್ಟ ಔಷಧಿಯ ಪ್ರಮಾಣದಲ್ಲಿ ಹೆಚ್ಚು ಅಂತರವೇ ಇರಲಿಲ್ಲ. ಬ್ಯಾಲೆನ್ಸ್ಡ್‌ನಲ್ಲಿ ಒಂದು ಗುಂಪನ್ನು ಬೇಕೆಂದೇ ಆಳಕ್ಕೆ ಒಯ್ದಿದ್ದರು. ಅಂದರೆ ತೀರಾ ಆಳ ಕೆಟ್ಟದ್ದು ಎಂಬುದಕ್ಕೆ ಪುರಾವೆ ಇದೆ, ಈಗಾಗಲೇ ವಯಸ್ಸು ನೋಡಿ ಹದವಾಗಿ ಕೊಡುವ ಕಡೆ ಮಾನಿಟರ್ ಹೆಚ್ಚೇನೂ ಸೇರಿಸುವುದಿಲ್ಲ. ಮಾನಿಟರ್ ಇಲ್ಲದ ಆಸ್ಪತ್ರೆಯಲ್ಲಿ ಆಪರೇಷನ್ ಬೇಡ ಎನ್ನುವಷ್ಟು ಬಲ ಈ ವಾದಕ್ಕಿಲ್ಲ. ಹಾಗೆಂದು ಮನಸ್ಸಿಗೆ ಬಂದಷ್ಟು ಹಗುರ ಮಾಡುವಂತೆಯೂ ಇಲ್ಲ, ಮಧ್ಯದಲ್ಲಿ ಎಚ್ಚರವಾಗುವ ಅಪಾಯವಿದೆ.

## ತಪಾಸಣೆಯ ದಿನ ಹೇಳಬೇಕಾದದ್ದು

ಮಾತ್ರೆಗಳ ಹೆಸರು ಬಾಯಲ್ಲಿ ಹೇಳುವ ಬದಲು ಸ್ಟ್ರಿಪ್‌ಗಳನ್ನೇ ಒಂದು ಕವರಿನಲ್ಲಿ ಹಾಕಿ ಒಯ್ಯಿರಿ. ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದ ನಿದ್ದೆ ಮಾತ್ರೆ, ಶೀತದ ಮಾತ್ರೆ, ಆಯುರ್ವೇದದ ಪುಡಿ ಎಲ್ಲವೂ ಅದರಲ್ಲಿರಲಿ. ವರ್ಷಗಳಿಂದ ಆಲ್‌ಪ್ರಜೋಲಂ ನುಂಗುವವರು ಆಪರೇಷನ್ ಇದೆ ಎಂದು ತಾವೇ ಧಿಡೀರನೆ ನಿಲ್ಲಿಸಬಾರದು. ನಿಲ್ಲಿಸಿದ್ದರಿಂದಲೇ ಸನ್ನಿ, ಫಿಟ್ಸ್ ಬರುತ್ತವೆ.

ಕುಡಿತದ ವಿಷಯವನ್ನು ಮುಚ್ಚಿಡುವುದು ಎಲ್ಲಕ್ಕಿಂತ ದುಬಾರಿ. ದಿನಾ ಕುಡಿಯುವವರಿಗೆ ಕೊನೆಯ ಪೆಗ್ ಆದ ಎರಡರಿಂದ ನಾಲ್ಕು ದಿನದಲ್ಲಿ ಕೈ ನಡುಕ, ಬೆವರು, ಭ್ರಮೆ ಶುರುವಾಗಬಹುದು. ಹೊರಗಿನಿಂದ ನೋಡಿದರೆ ಇದೂ ಸನ್ನಿಯೇ, ಚಿಕಿತ್ಸೆ ಮಾತ್ರ ತಿರುವುಮುರುವು. ಬೇರೆ ಡೆಲಿರಿಯಂಗಳಲ್ಲಿ ಬೇಡವೆನ್ನುವ ಬೆಂಜೊಡಯಜೆಪೈನ್ ಇಲ್ಲಿ ಕೊಡಲೇಬೇಕಾದ ಔಷಧಿ, ಜೊತೆಗೆ ಥಯಾಮಿನ್ ಎಂಬ ಬಿ1 ವಿಟಮಿನ್. "ಅಪ್ಪ ಕುಡಿಯುವುದಿಲ್ಲ" ಎಂದು ಫೈಲಿನಲ್ಲಿ ಬರೆಸಿದ್ದರೆ ಡಾಕ್ಟರು ಬೇರೆ ದಾರಿ ಹಿಡಿಯುತ್ತಾರೆ. ಹೆಂಡತಿ-ಮಕ್ಕಳ ಎದುರು ಕೇಳಿದರೆ ನಿಜ ಹೊರಬರುವುದಿಲ್ಲ, ಒಬ್ಬರೇ ಇದ್ದಾಗ ಕೇಳಿ ಎಂದು ಮನೆಯವರೇ ಸೂಚಿಸಬಹುದು.

ಬಿಪಿ ಮಾತ್ರೆಯ ಹೆಸರಿನ ಕೊನೆಗೆ ‘ಎಚ್’ ಅಕ್ಷರವಿದ್ದರೆ ಅದರಲ್ಲಿ ಸಾಮಾನ್ಯವಾಗಿ ಹೈಡ್ರೊಕ್ಲೋರೊಥಯಜೈಡ್ ಇರುತ್ತದೆ. ಇದು ವಯಸ್ಸಾದವರಲ್ಲಿ ಸೋಡಿಯಂ ಇಳಿಸುತ್ತದೆ. ಸೋಡಿಯಂ 135ರಿಂದ 145ರ ನಡುವೆ ಇರಬೇಕು. ಈಗಾಗಲೇ 128 ಇರುವವರು ತುರ್ತಿಲ್ಲದ ಆಪರೇಷನ್‌ಗೆ ಹೊರಟಿದ್ದರೆ ಮೊದಲು ಅದನ್ನು ನಿಧಾನವಾಗಿ ಸರಿಪಡಿಸುವುದು ಲೇಸು.

ಉಪವಾಸದ ಲೆಕ್ಕವೂ ಎಡವುವ ಜಾಗ. ಹಗುರ ಆಹಾರಕ್ಕೆ ಆರು ಗಂಟೆ, ನೀರು ಮತ್ತು ಹಾಲಿಲ್ಲದ ಟೀಗೆ ಎರಡು ಗಂಟೆ. ಮಧ್ಯಾಹ್ನ ಎರಡಕ್ಕೆ ಓಟಿ ಇದ್ದವರು ಹಿಂದಿನ ರಾತ್ರಿ ಒಂಬತ್ತರಿಂದ ನೀರೂ ಮುಟ್ಟದೆ ಒಣಗಿರುತ್ತಾರೆ, ಅದು ಬೇಕಿಲ್ಲ. ಆದರೆ ಬೆಳಗಿನ ಫಿಲ್ಟರ್ ಕಾಫಿ ನೀರಿನ ಲೆಕ್ಕಕ್ಕೆ ಬರುವುದಿಲ್ಲ, ಹಾಲಿದ್ದರೆ ಆರು ಗಂಟೆಯೇ.

ಸೊಂಟ ಮುರಿದಿದ್ದರೆ ಕಾಯಿಸುವುದೇ ಮೆದುಳಿಗೆ ಕೆಟ್ಟದ್ದು. 2,970 ಜನರ ಮೇಲೆ ನಡೆದ, ಭಾರತವೂ ಪಾಲ್ಗೊಂಡಿದ್ದ ಹಿಪ್ ಅಟ್ಯಾಕ್ ಅಧ್ಯಯನದಲ್ಲಿ ಬೇಗ ಆಪರೇಷನ್ ಆದವರಲ್ಲಿ ಡೆಲಿರಿಯಂ ಶೇ. 9, ಎಂದಿನಂತೆ ಕಾದವರಲ್ಲಿ ಶೇ. 12. ಸಾವಿನ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. "ಮುಹೂರ್ತ ನೋಡಿ ನಾಡಿದ್ದು ಮಾಡಿಸೋಣ" ಎನ್ನುವ ಮನೆಗಳು ಇದನ್ನು ಗಮನಿಸಬೇಕು. ಕಾಯುವಾಗ ತೊಡೆಯ ನರಕ್ಕೆ ಕೊಡುವ ಬ್ಲಾಕ್ ಇಂಜೆಕ್ಷನ್ ನೋವನ್ನೂ ಟ್ರಮಡಾಲ್‌ನಂಥ ತಲೆ ಕೆಡಿಸುವ ಔಷಧಿಯ ಅಗತ್ಯವನ್ನೂ ತಗ್ಗಿಸುತ್ತದೆ.

## ವಾರ್ಡಿನ ಮೊದಲ ರಾತ್ರಿಗಳು

1999ರಲ್ಲಿ ಪ್ರಕಟವಾದ, ಆಸ್ಪತ್ರೆಗೆ ಸೇರಿದ 852 ಹಿರಿಯರ ಅಧ್ಯಯನವೊಂದು ಔಷಧಿಯೇ ಇಲ್ಲದ ಉಪಾಯಗಳನ್ನು ಪರೀಕ್ಷಿಸಿತು. ದಿನ ಯಾವುದು, ಜಾಗ ಯಾವುದು ಎಂದು ಮತ್ತೆ ಮತ್ತೆ ನೆನಪಿಸುವುದು, ರಾತ್ರಿ ನಿದ್ದೆಗೆ ಅಡ್ಡಿ ಮಾಡದಿರುವುದು, ಬೇಗ ನಡೆಸುವುದು, ಕನ್ನಡಕ ಮತ್ತು ಕಿವಿಯ ಮೆಷಿನ್ ಹಾಕಿಸುವುದು, ನೀರು ಕುಡಿಸುವುದು. ಡೆಲಿರಿಯಂ ಶೇ. 15ರಿಂದ ಶೇ. 9.9ಕ್ಕೆ ಇಳಿಯಿತು. ಇವಿಷ್ಟನ್ನು ಹೆಚ್ಚಾಗಿ ಮಾಡಬೇಕಾದವರು ರೋಗಿಯ ಜೊತೆ ಉಳಿಯುವ ಅಟೆಂಡರ್, ಅಂದರೆ ಮನೆಯವರೇ.

ಬೆಂಗಳೂರಿನಲ್ಲಿ ಇದಕ್ಕೊಂದು ವಿಶೇಷ ತೊಡಕಿದೆ. ರಾತ್ರಿ ಪಾಳಿಯ ನರ್ಸ್ ಮಲಯಾಳಂ ಅಥವಾ ಹಿಂದಿಯವರಿರಬಹುದು, ಅಜ್ಜಿಗೆ ಬರುವುದು ಕೋಲಾರದ ಕಡೆಯ ಕನ್ನಡವಷ್ಟೇ. ಅಸಂಬದ್ಧವಾಗಿ ಮಾತಾಡಿದ್ದಾರೋ ಭಾಷೆ ತಿಳಿಯಲಿಲ್ಲವೋ ಗೊತ್ತಾಗದೆ ಡೆಲಿರಿಯಂ ದಾಖಲಾಗುವುದೇ ಇಲ್ಲ. ಆದ್ದರಿಂದ ಪರೀಕ್ಷೆಯನ್ನು ಮನೆಯವರೇ ಕಲಿತಿರುವುದು ಒಳ್ಳೆಯದು. ಆಸ್ಪತ್ರೆಗಳಲ್ಲಿ ಬಳಸುವ 4ಎಟಿ ಪರೀಕ್ಷೆಯ ತಿರುಳು ಹೀಗಿದೆ: ಎಚ್ಚರ ಹೇಗಿದೆ, ವಯಸ್ಸು, ಹುಟ್ಟಿದ ದಿನ, ಈಗಿರುವ ಜಾಗ, ಈಗಿನ ಇಸವಿ ಸರಿಯಾಗಿ ಹೇಳುತ್ತಾರೆಯೇ, ಡಿಸೆಂಬರಿನಿಂದ ಹಿಂದಕ್ಕೆ ತಿಂಗಳುಗಳನ್ನು ಹೇಳಬಲ್ಲರೇ, ನಿನ್ನೆಗೂ ಇಂದಿಗೂ ದಿಢೀರ್ ಬದಲಾವಣೆ ಇದೆಯೇ. ಶಾಲೆ ಕಾಣದವರಿಗೆ ವಾರದ ದಿನಗಳನ್ನು ಹಿಂದಕ್ಕೆ ಹೇಳಿಸಿ ಗಮನ ಹೇಗಿದೆ ಎಂದು ಅಂದಾಜು ಮಾಡಬಹುದು. ತಡವರಿಸಿ, ಮಧ್ಯದಲ್ಲೇ ಮರೆತು, ಮತ್ತೆ ಕಣ್ಣು ಮುಚ್ಚಿದರೆ "ನಿನ್ನೆ ಹೀಗಿರಲಿಲ್ಲ" ಎಂಬ ಮಾತಿನೊಂದಿಗೆ ಡ್ಯೂಟಿ ಡಾಕ್ಟರನ್ನು ಕರೆಯಬೇಕು.

ಕರೆದಾಗ ಆಗಬೇಕಾದದ್ದು ಆಮ್ಲಜನಕ, ಸಕ್ಕರೆ, ಸೋಡಿಯಂ, ಜ್ವರ, ಮೂತ್ರ ಕಟ್ಟಿದೆಯೇ, ನೋವಿದೆಯೇ, ಇವತ್ತು ಹೊಸದಾಗಿ ಯಾವ ಔಷಧಿ ಹೋಯಿತು ಎಂಬ ತಪಾಸಣೆ. ಕೈ ಕಟ್ಟಿಹಾಕುವುದರಿಂದ ಗಾಬರಿ ಹೆಚ್ಚುತ್ತದೆ. ಗಲಾಟೆ ಇಳಿಸುವ ಹ್ಯಾಲೊಪೆರಿಡಾಲ್‌ನಂಥದ್ದು ರೋಗಿ ತನಗೋ ಬೇರೆಯವರಿಗೋ ಅಪಾಯ ಮಾಡಿಕೊಳ್ಳುವಂತಿದ್ದರೆ, ಅದೂ ಸಣ್ಣ ಡೋಸಿನಲ್ಲಿ ಮಾತ್ರ. ಮೂತ್ರದ ಟ್ಯೂಬು ಅಗತ್ಯ ಮುಗಿದ ದಿನವೇ ಹೋಗಬೇಕು. ವಾರ್ಡಿಗೆ ಬಂದ ತಕ್ಷಣ "ಕಳೆದುಹೋಗುತ್ತೆ" ಎಂದು ಕಿವಿಯ ಮೆಷಿನ್, ಹಲ್ಲಿನ ಸೆಟ್, ಕನ್ನಡಕವನ್ನು ಬ್ಯಾಗಿಗೆ ಸೇರಿಸಿ ಮನೆಗೆ ಕಳಿಸುವ ರೂಢಿಯನ್ನು ಬಿಡಬೇಕು.

## ಮಕ್ಕಳ ಲೆಕ್ಕ ಬೇರೆ

ಎಫ್‌ಡಿಎ ಎಚ್ಚರಿಕೆಯ ಹಿಂದೆ ಇದ್ದದ್ದು ಮರಿಪ್ರಾಣಿಗಳ ಪ್ರಯೋಗಗಳು. ಏಳು ದಿನದ ಇಲಿಮರಿಗಳಿಗೆ ಗಂಟೆಗಟ್ಟಲೆ ಅರಿವಳಿಕೆ ಕೊಟ್ಟಾಗ ನರಕೋಶಗಳು ಸತ್ತದ್ದು 2003ರಲ್ಲೇ ವರದಿಯಾಗಿತ್ತು. ಮನುಷ್ಯರಲ್ಲಿ ಗ್ಯಾಸ್ ಎಂಬ ಅಧ್ಯಯನ 722 ಹಸುಳೆಗಳಿಗೆ ಹರ್ನಿಯಾ ಆಪರೇಷನ್ ವೇಳೆ ಸೆವೊಫ್ಲುರೇನ್ ಅಥವಾ ಎಚ್ಚರದಲ್ಲೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಹೋಲಿಸಿತು. ಐದು ವರ್ಷದ ವಯಸ್ಸಿಗೆ ಬುದ್ಧಿಮಟ್ಟದಲ್ಲಿ ವ್ಯತ್ಯಾಸವಿರಲಿಲ್ಲ ಎಂದು 2019ರಲ್ಲಿ ಪ್ರಕಟವಾಯಿತು. ಅಲ್ಲಿ ಅರಿವಳಿಕೆ ಇದ್ದದ್ದು ಒಂದು ಗಂಟೆಯ ಆಸುಪಾಸು. ಪದೇಪದೇ ಅರಿವಳಿಕೆ ಪಡೆದ ಮಕ್ಕಳ ಮಾಸ್ಕ್ ಅಧ್ಯಯನದಲ್ಲಿ ಬುದ್ಧಿಮಟ್ಟ ಸಮವಿದ್ದರೂ ಕೈಬೆರಳಿನ ಕೌಶಲ, ಗ್ರಹಿಕೆಯ ವೇಗ ಸ್ವಲ್ಪ ಕಡಿಮೆ ಇತ್ತು. ಅದು ಅರಿವಳಿಕೆಯಿಂದಲೋ, ಪದೇಪದೇ ಆಪರೇಷನ್ ಬೇಕಾಗಿಸಿದ ಕಾಯಿಲೆಯಿಂದಲೋ ಬೇರ್ಪಡಿಸುವುದು ಸುಲಭವಲ್ಲ.

ತಂದೆ-ತಾಯಿ ಇದರಿಂದ ತೆಗೆದುಕೊಳ್ಳಬೇಕಾದದ್ದು: ಸೀಳಂಗುಳ, ಹರ್ನಿಯಾದಂಥ ಸಕಾಲದಲ್ಲಿ ಆಗಬೇಕಾದ ಆಪರೇಷನ್ ಮುಂದೂಡಬೇಡಿ. ಎಂಆರ್‌ಐ, ಹಲ್ಲಿನ ಕೆಲಸ, ಸಣ್ಣ ಆಪರೇಷನ್ ಮೂರಕ್ಕೂ ಅರಿವಳಿಕೆ ಕೊಡಬೇಕಿದ್ದರೆ ಒಂದೇ ಸಲ ಮುಗಿಸಲು ಆಗುತ್ತದೆಯೇ ಎಂದು ಕೇಳಿ.

## ಹೆಚ್ಚುವರಿ ದಿನಗಳ ಖರ್ಚು, ಮೂರು ತಿಂಗಳ ಗಡುವು

ಸನ್ನಿ ಬಂದವರು ಆಸ್ಪತ್ರೆಯಲ್ಲಿ ಹೆಚ್ಚು ದಿನ ಉಳಿಯುತ್ತಾರೆ, ಹೆಚ್ಚು ಬೀಳುತ್ತಾರೆ, ಮನೆಗೆ ಹೋದಾಗ ಹೆಚ್ಚು ನೆರವು ಬೇಡುತ್ತಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂಥ ಯೋಜನೆಗಳು ಹಣ ಕೊಡುವುದು ಪ್ಯಾಕೇಜ್ ಲೆಕ್ಕದಲ್ಲಿ. ಆಪರೇಷನ್‌ಗೆ ಇಷ್ಟು ಎಂದು ಕಟ್ಟಿಟ್ಟ ಮೊತ್ತದಲ್ಲಿ ರಾತ್ರಿ ಪಕ್ಕದಲ್ಲಿ ಕೂರುವ ಹೆಚ್ಚುವರಿ ಸಿಬ್ಬಂದಿಗೆ ಜಾಗ ಸಿಗುವುದು ಕಷ್ಟ. ಬಂದ ಮೇಲೆ ಆಗುವ ಖರ್ಚಿನ ಮುಂದೆ ತಡೆಯುವ ಖರ್ಚು ಸಣ್ಣದು, ಆದರೆ ಅದು ಯಾವ ಬಿಲ್ಲಿನಲ್ಲೂ ಒಂದು ಸಾಲಾಗಿ ಬರುವುದಿಲ್ಲ. ಈ ಲೆಕ್ಕ ಬದಲಾಗದೆ ಆಸ್ಪತ್ರೆಗಳ ನಡವಳಿಕೆ ಬದಲಾಗುವುದು ಅನುಮಾನ.

ಇನ್ನೊಂದು ಕೊರತೆ ಆಪರೇಷನ್‌ಗೆ ಮುಂಚಿನ ಅಳತೆ ಇಲ್ಲದಿರುವುದು. ಮಕ್ಕಳು ವಿದೇಶದಲ್ಲಿ, ತಂದೆ-ತಾಯಿ ಅಪಾರ್ಟ್‌ಮೆಂಟಿನಲ್ಲಿ ಇಬ್ಬರೇ ಇರುವ ನಗರದಲ್ಲಿ "ಹೋದ ತಿಂಗಳು ಹೇಗಿದ್ದರು" ಎಂಬ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರುವುದಿಲ್ಲ. ಸಲಕರಣೆ ಇಲ್ಲ ಎನ್ನುವಂತಿಲ್ಲ. ಐಸಿಎಂಆರ್ ಸಿದ್ಧಪಡಿಸಿದ ನೆನಪು-ಗಮನದ ಪರೀಕ್ಷೆಗಳ ಗುಚ್ಛ ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಲ್ಲಿದೆ. 60 ದಾಟಿದವರ ಫಿಟ್‌ನೆಸ್ ತಪಾಸಣೆಯಲ್ಲಿ ಇಸಿಜಿಯ ಜೊತೆ ಒಂದು ಚಿಕ್ಕ ನೆನಪಿನ ಪರೀಕ್ಷೆ ಸೇರಿಸಲು ಹತ್ತು ನಿಮಿಷ ಬೇಕು. ಆ ಅಳತೆ ಫೈಲಿನಲ್ಲಿದ್ದರೆ ಮುಂದೆ ಅರಿವಳಿಕೆಯನ್ನು ದೂರುವುದೋ ಬಿಡುವುದೋ ಎಂಬ ಜಗಳವೇ ಅರ್ಧ ಕಡಿಮೆಯಾಗುತ್ತದೆ.

ಮೂರು ತಿಂಗಳಾದರೂ ಲೆಕ್ಕ, ಮಾತು, ದಾರಿ ತಪ್ಪುತ್ತಿದ್ದರೆ ಇನ್ನು ಕಾಯಬಾರದು. ನಿಮ್ಹಾನ್ಸ್‌ನಲ್ಲಿ ಅರಿವಿನ ತೊಂದರೆಗಳಿಗೆಂದೇ ಕ್ಲಿನಿಕ್ ಇದೆ. 2022ರಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಶುರುಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಅಡಿಯಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲೂ ಮೆದುಳು ಆರೋಗ್ಯ ಕ್ಲಿನಿಕ್‌ಗಳು ಬಂದಿವೆ. ಹೋಗುವಾಗ ಡಿಸ್ಚಾರ್ಜ್ ಸಮ್ಮರಿ, ಅರಿವಳಿಕೆಯ ದಾಖಲೆಯ ಪ್ರತಿ, ಬಿ12 ಮತ್ತು ಥೈರಾಯ್ಡ್ ವರದಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಜೊತೆಗಿರಲಿ. ಆಪರೇಷನ್‌ಗೆ ಆರು ತಿಂಗಳು ಮುಂಚೆ ಬ್ಯಾಂಕ್, ಅಡುಗೆ, ಔಷಧಿಯ ಲೆಕ್ಕವನ್ನು ಅವರೇ ನೋಡಿಕೊಳ್ಳುತ್ತಿದ್ದರೇ ಎಂಬುದನ್ನು ಹೇಳಬಲ್ಲ ಒಬ್ಬರು ಜೊತೆಗೆ ಹೋಗಬೇಕು. ಡಾಕ್ಟರು ಮೊದಲು ಕೇಳುವುದು ಅದನ್ನೇ.